ಹೃದಯದ ಸುತ್ತಲಿನ ನೀರು

ಹೃದಯವನ್ನು ಹೊದ್ದುಕೊಂಡಿರುವ ಎರಡು ಪದರಗಳ ಚೀಲಕ್ಕೆ ಹೃದಯಾವರಣವೆಂದು ಹೆಸರು. ಆರೋಗ್ಯವಂತರಲ್ಲಿ ಆ ಪದರಗಳ ನಡುವೆ 15ರಿಂದ 50 ಮಿಲಿಲೀಟರಿನಷ್ಟು ತಿಳಿದ್ರವವಿದ್ದು, ಮಿಡಿತದ ಉಜ್ಜಾಟವನ್ನು ತಗ್ಗಿಸುತ್ತದೆ. ಅದು ಮಿತಿಮೀರಿ ತುಂಬಿದಾಗ ಕಾಯಬೇಕಾದ ಚೀಲವೇ ಹೃದಯವನ್ನು ಅದುಮುತ್ತದೆ. ಈ ನೀರನ್ನು ಗುರುತಿಸಿದ್ದು ಒಂದು ಕಾಲ; ಅದರ ಕಾರಣವನ್ನು ಅರಿತದ್ದು ಬಹಳ ಕಾಲದ ಮೇಲೆ.

ಇಂಗ್ಲೆಂಡಿನ ರಿಚರ್ಡ್ ಲೋವರ್ 1669ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿಯೇ ಸುತ್ತಲ ದ್ರವದ ಒತ್ತಡಕ್ಕೆ ಸಿಕ್ಕ ಹೃದಯ ರಕ್ತವನ್ನು ತುಂಬಿಕೊಳ್ಳಲಾರದೆ ಸೋಲುವುದನ್ನು ವಿವರಿಸಿದ್ದನು. 19ನೆಯ ಶತಮಾನದ ಆರಂಭದಲ್ಲಿ ಸ್ಪೇನಿನ ಫ್ರಾನ್ಸಿಸ್ಕೊ ರೊಮೆರೊ ಎದೆಯನ್ನು ತೆರೆದು ಆ ನೀರನ್ನು ಹೊರತೆಗೆದನು. ಆದರೆ ತೆಗೆದ ನೀರು ಮತ್ತೆ ತುಂಬುವುದೇಕೆ? ಆ ಪ್ರಶ್ನೆಗೆ ಒಂದು ದೊಡ್ಡ ಉತ್ತರ ದೊರೆತದ್ದು 1882ರಲ್ಲಿ, ರಾಬರ್ಟ್ ಕಾಕ್ ಕ್ಷಯದ ರೋಗಾಣುವನ್ನು ಕಂಡುಹಿಡಿದಾಗ. 1965ರಲ್ಲಿ ಅಮೆರಿಕದ ಹಾರ್ವೆ ಫೈಗನ್‌ಬಾಮ್ ಶ್ರವಣಾತೀತ ಧ್ವನಿಯ ನೆರವಿನಿಂದ, ಎದೆಯನ್ನು ತೆರೆಯದೆಯೇ ಈ ನೀರನ್ನು ಕಾಣಬಹುದೆಂದು ತೋರಿಸಿಕೊಟ್ಟರು. ಇಂದಿನ ‘ಎಕೊ’ ಪರೀಕ್ಷೆ ಅದರ ಮುಂದುವರಿಕೆ.

ಕಾರಣಗಳು ಹಲವು. ವೈರಾಣು ಸೋಂಕು, ಮೂತ್ರಪಿಂಡಗಳ ವೈಫಲ್ಯ, ಥೈರಾಯ್ಡ್ ಗ್ರಂಥಿಯ ಮಾಂದ್ಯ, ಶ್ವಾಸಕೋಶ ಅಥವಾ ಸ್ತನದ ಅರ್ಬುದ, ಲೂಪಸ್, ಎದೆಗೆ ಬಿದ್ದ ಪೆಟ್ಟು, ಹೃದಯದ ಶಸ್ತ್ರಕ್ರಿಯೆ ಇವೆಲ್ಲ ಆ ಪಟ್ಟಿಯಲ್ಲಿವೆ. ನಮ್ಮ ದೇಶದಲ್ಲಿ ಕ್ಷಯವನ್ನು ಮೊದಲ ಸಾಲಿನಲ್ಲಿಯೇ ನೆನೆಯಬೇಕು. ವೇಗವೂ ಮುಖ್ಯ: ಥಟ್ಟನೆ ತುಂಬಿದ 200 ಮಿಲಿಲೀಟರ್ ಪ್ರಾಣಕ್ಕೆ ಎರವಾಗಬಹುದು, ತಿಂಗಳುಗಟ್ಟಲೆ ನಿಧಾನವಾಗಿ ಕೂಡಿದ ಒಂದು ಲೀಟರನ್ನು ಚೀಲ ಹಿಗ್ಗಿ ತಾಳಿಕೊಳ್ಳಬಹುದು. ಕ್ಷಯದ ನೀರು ಹೆಚ್ಚಾಗಿ ಈ ಎರಡನೆಯ ಬಗೆಯದು. ಸಂಜೆಯ ಜ್ವರ, ಇಳಿಯುವ ತೂಕ, ಏರುವ ಉಬ್ಬಸ ಇವುಗಳನ್ನು ಜನ ದಣಿವೆಂದೇ ಬಗೆದು ತಳ್ಳಿಹಾಕುತ್ತಾರೆ.

ನಾಗಪುರದ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾದದ್ದು 1947ರಲ್ಲಿ. ವಿದರ್ಭದ ಹಳ್ಳಿಗಳಿಂದಷ್ಟೇ ಅಲ್ಲ, ನೆರೆಯ ಮಧ್ಯಪ್ರದೇಶ, ಛತ್ತೀಸಗಢಗಳಿಂದಲೂ ರೋಗಿಗಳು ಅಲ್ಲಿಗೆ ಬರುತ್ತಾರೆ. ಆ ಕಾಲೇಜಿನ ‘ಟಿ.ಬಿ. ವಾರ್ಡ್’ ಎಂಬ ಹೆಸರು ಇಂದಿಗೂ ಊರಿನ ಬಾಯಲ್ಲಿದೆ. ಕ್ಷಯವೆಂದರೆ ದೂರದ ಆರೋಗ್ಯಧಾಮವೆಂದು ನಂಬಿದ್ದ ಕಾಲವನ್ನು ಬದಲಿಸಿದ್ದು ದಕ್ಷಿಣದ ಎರಡು ಅಧ್ಯಯನಗಳು. ಮನೆಯಲ್ಲಿಯೇ ಔಷಧ ಸೇವಿಸಿದವರೂ ಆರೋಗ್ಯಧಾಮದವರಷ್ಟೇ ಚೆನ್ನಾಗಿ ಗುಣಹೊಂದುತ್ತಾರೆಂದು ಮದರಾಸಿನ ಅಧ್ಯಯನ 1959ರಲ್ಲಿ ತಿಳಿಸಿತು. ಅದೇ ವರ್ಷ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಆರಂಭವಾಯಿತು. ಅಲ್ಲಿನ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯಲ್ಲಿ ನಡೆಸಿದ ಅಧ್ಯಯನ 1963ರಲ್ಲಿ ಪ್ರಕಟವಾಯಿತು. ಕ್ಷಯರೋಗಿಗಳಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ತಮ್ಮ ತೊಂದರೆಗೆ ಆಗಲೇ ಚಿಕಿತ್ಸೆಯನ್ನು ಅರಸಿ ಹೋಗಿದ್ದರೆಂದು ಅದು ಕಂಡಿತು. ಹಳ್ಳಿಗರು ಉದಾಸೀನರೆಂಬ ಮಾತು ಅಲ್ಲಿಗೆ ಸುಳ್ಳಾಯಿತು. ಬಂದವರನ್ನು ಗುರುತಿಸದೆ ಕಳುಹಿಸಿದ್ದೇ ನಿಜವಾದ ಲೋಪವಾಗಿತ್ತು.

ಹೃದಯಾವರಣದ ಕ್ಷಯದಲ್ಲಿ ಆ ಲೋಪಕ್ಕೆ ತೆರಬೇಕಾದ ಬೆಲೆ ದೊಡ್ಡದು. ಸೂಜಿಯಿಂದ ನೀರನ್ನು ತೆಗೆದೊಡನೆ ಉಸಿರು ಹಗುರಾಗುತ್ತದೆ, ಆದರೆ ರೋಗ ಉಳಿದಿರುತ್ತದೆ. ತೆಗೆದ ನೀರಿನಲ್ಲಿ ರೋಗಾಣು ಎಲ್ಲರಲ್ಲಿಯೂ ಕಾಣಿಸದು. ಕಾಣಲಿಲ್ಲವೆಂದು ಶಂಕೆಯನ್ನು ಬಿಡುವಂತಿಲ್ಲ. ಸಾಮಾನ್ಯವಾಗಿ ಆರು ತಿಂಗಳ ಮಾತ್ರೆಗಳನ್ನು ನಡುವೆ ನಿಲ್ಲಿಸಿದರೆ ಪದರಗಳು ದಪ್ಪಗಟ್ಟಿ ಹೃದಯಕ್ಕೆ ಬಿಗಿಯಾದ ಕವಚವಾಗಬಹುದು. ಆಗ ಶಸ್ತ್ರಕ್ರಿಯೆಯೇ ಗತಿ. ಕ್ಷಯದ ಔಷಧ ಸರ್ಕಾರಿ ಕೇಂದ್ರಗಳಲ್ಲಿ ಉಚಿತವಾಗಿ ದೊರೆಯುತ್ತದೆ. ರೊಮೆರೊನಿಗೆ ನೀರನ್ನು ತೆಗೆಯುವುದಷ್ಟೇ ಸಾಧ್ಯವಿತ್ತು. ಆ ನೀರು ಏಕೆ ಬಂತೆಂದು ಕೇಳಿ ಉತ್ತರ ಪಡೆಯುವ ಅವಕಾಶ ನಮಗಿದೆ.