ಹಳೆಯ ನೆಟ್‌ವರ್ಕ್ ಸಾಫ್ಟ್‌ವೇರ್ ತೆಗೆದರೆ ಇಂಟರ್ನೆಟ್ ಬಂದ್ ಆಗುತ್ತದೆಯೇ?

‘ಕಂಪ್ಯೂಟರ್‌ಗಳಲ್ಲಿರುವ ಹಳೆಯ ನೆಟ್‌ವರ್ಕ್ ಸಾಫ್ಟ್‌ವೇರ್ ತೆಗೆಯುತ್ತಿದ್ದಾರೆ, ಹಳೆ ಮಷಿನ್‌ಗಳಿಗೆ ಇನ್ನು ಇಂಟರ್ನೆಟ್ ಸಿಗುವುದಿಲ್ಲ.’ ಇಂಥ ಸಂದೇಶ ನಿಮ್ಮ ಗ್ರೂಪಿಗೂ ಬಂದರೆ ಫಾರ್ವರ್ಡ್ ಮಾಡುವ ಮೊದಲು ಇದನ್ನು ಓದಿ. ಅದರ ಮೊದಲ ಭಾಗ ನಿಜ, ಎರಡನೆಯ ಭಾಗ ತಪ್ಪು. ಆದರೆ ತಯಾರಿ ಇಲ್ಲದೆ ಅಪ್‌ಗ್ರೇಡ್ ಮಾಡಿದರೆ ಸಂಪರ್ಕ ತಪ್ಪುವುದೂ ಉಂಟು.

ಈ ಸಾಫ್ಟ್‌ವೇರ್ ಏನು ಮಾಡುತ್ತದೆ?

ಮಲೆನಾಡಿನ ಎಷ್ಟೋ ಮನೆಗಳಿಗೆ ಗುಡ್ಡದ ಒರತೆಯಿಂದ ಪೈಪಿನಲ್ಲಿ ನೀರು ಬರುತ್ತದೆ. ಯಾವ ವಾಲ್ವ್ ತಿರುಗಿಸಿದರೆ ಮನೆಗೆ, ಯಾವುದು ತಿರುಗಿಸಿದರೆ ತೋಟಕ್ಕೆ ಎಂಬುದು ನೋಡಿಕೊಳ್ಳುವ ಆಳಿಗೆ ಗೊತ್ತು. ಆಳು ಬದಲಾದರೆ ಒರತೆ ಬತ್ತುವುದಿಲ್ಲ. ಆದರೆ ಹೊಸಬನಿಗೆ ವಾಲ್ವ್‌ಗಳ ಲೆಕ್ಕ ಹೇಳಿಕೊಡದಿದ್ದರೆ ಮರುದಿನ ನಲ್ಲಿಯಲ್ಲಿ ನೀರಿಲ್ಲ.

ಕಂಪ್ಯೂಟರ್‌ನಲ್ಲೂ ಹೀಗೆಯೇ. ಡೇಟಾ ಕಳಿಸುವ, ತರಿಸುವ ಕೆಲಸ ಆಪರೇಟಿಂಗ್ ಸಿಸ್ಟಂನ ಒಳತಿರುಳಾದ ಕರ್ನಲ್‌ನದು. ಯಾವ ಐಪಿ ವಿಳಾಸ, ಯಾವ ಗೇಟ್‌ವೇ, ಯಾವ ಡಿಎನ್‌ಎಸ್ ಎಂದು ಅದಕ್ಕೆ ಹೇಳುವುದು ಕಾನ್ಫಿಗರೇಶನ್ ಸಾಫ್ಟ್‌ವೇರ್. ಈಗ ಬದಲಾಗುತ್ತಿರುವುದು ಈ ಹೇಳುವವನು ಮಾತ್ರ.

ಏನೇನು ಬದಲಾಗಿದೆ?

ಲಿನಕ್ಸ್‌ನಲ್ಲಿ ದಶಕಗಳ ಕಾಲ ಬಳಕೆಯಲ್ಲಿದ್ದ ಆಜ್ಞೆ ‘ಐಎಫ್‌ಕಾನ್ಫಿಗ್’. ಅದರ ಮೂಲ 1983ರ ಬಿಎಸ್‌ಡಿ ಯುನಿಕ್ಸ್. ಒಂದೇ ಕಾರ್ಡ್‌ಗೆ ಹೊಸ ವಿಧಾನದಲ್ಲಿ ಹಲವು ವಿಳಾಸ ಕೊಟ್ಟರೆ ಅದು ಎಲ್ಲವನ್ನೂ ತೋರಿಸುವುದಿಲ್ಲ. ಅದರ ಜಾಗಕ್ಕೆ ‘ಐಪಿ’ ಎಂಬ ಆಜ್ಞೆ ಬಂದಿದೆ.

ಉಬುಂಟುವಿನಲ್ಲಿ ‘ಐಎಫ್‌ಅಪ್‌ಡೌನ್’ ಬದಲಿಗೆ ‘ನೆಟ್‌ಪ್ಲಾನ್’ ಬಂದದ್ದು 2017ರ ಅಕ್ಟೋಬರ್‌ನ 17.10 ಆವೃತ್ತಿಯಲ್ಲಿ. ರೆಡ್ ಹ್ಯಾಟ್ ಇನ್ನೂ ನಿಧಾನವಾಗಿ ಹೆಜ್ಜೆ ಇಟ್ಟಿತು. 2019ರ ಆವೃತ್ತಿ 8ರಲ್ಲಿ ಹಳೆಯ ‘ನೆಟ್‌ವರ್ಕ್ ಸ್ಕ್ರಿಪ್ಟ್ಸ್’ ತಾನಾಗಿ ಇನ್‌ಸ್ಟಾಲ್ ಆಗುವುದು ನಿಂತಿತು. 2022ರ ಆವೃತ್ತಿ 9ರಲ್ಲಿ ಅದನ್ನು ಪೂರ್ತಿ ತೆಗೆದರು. 2025ರ ಆವೃತ್ತಿ 10ರಲ್ಲಿ ಹಳೆಯ ಮಾದರಿಯ ಸೆಟ್ಟಿಂಗ್ ಫೈಲ್‌ಗಳಿಗೂ ಬೆಂಬಲ ಇಲ್ಲ. ಅಂದರೆ ರಾತ್ರೋರಾತ್ರಿ ಏನೂ ಆಗಿಲ್ಲ, ಆರು ವರ್ಷ ಮೊದಲೇ ಎಚ್ಚರಿಕೆ ಸಿಕ್ಕಿತ್ತು.

ವಿಂಡೋಸ್‌ನಲ್ಲೂ ಹೋಮ್‌ಗ್ರೂಪ್ ಎಂಬ ಸೌಲಭ್ಯ 2018ರಲ್ಲಿ ಹೋಯಿತು. ಫೈಲ್ ಹಂಚಿಕೊಳ್ಳುವುದು ಮಾತ್ರ ನಿಲ್ಲಲಿಲ್ಲ.

ಏಕೆ ತೆಗೆಯುತ್ತಾರೆ?

ಹಳೆಯ ಸಾಫ್ಟ್‌ವೇರ್ ಬರೆದದ್ದು ಒಂದೇ ಕಡೆ ಕೂತಿರುವ, ಸದಾ ಕೇಬಲ್ ಸಿಕ್ಕಿಸಿದ ಕಂಪ್ಯೂಟರ್‌ಗಾಗಿ. ಇಂದಿನ ಲ್ಯಾಪ್‌ಟಾಪ್ ಮನೆಯಲ್ಲಿ ವೈಫೈ, ದಾರಿಯಲ್ಲಿ ಮೊಬೈಲ್ ಹಾಟ್‌ಸ್ಪಾಟ್, ಕಚೇರಿಯಲ್ಲಿ ಕೇಬಲ್ ಎಂದು ದಿನಕ್ಕೆ ಮೂರು ಸಲ ಬದಲಾಯಿಸುತ್ತದೆ. ಇದನ್ನೆಲ್ಲ ತಾನಾಗಿ ಸಂಭಾಳಿಸಲು ‘ನೆಟ್‌ವರ್ಕ್ ಮ್ಯಾನೇಜರ್’ನಂಥ ಹೊಸ ಸಾಫ್ಟ್‌ವೇರ್ ಬೇಕು. ಜೊತೆಗೆ, ಯಾರೂ ನೋಡಿಕೊಳ್ಳದ ಹಳೆಯ ಕೋಡ್‌ನಲ್ಲಿ ಭದ್ರತಾ ಲೋಪಗಳು ಉಳಿದುಬಿಡುತ್ತವೆ.

ಕಾಸರಗೋಡಿನ ಶಾಲೆಗಳಲ್ಲಿ

ಇದಕ್ಕೆ ನಮ್ಮ ಹತ್ತಿರದ ಉದಾಹರಣೆ ಇದೆ. ಕೇರಳದ ಸರ್ಕಾರಿ ಶಾಲೆಗಳ ಕಂಪ್ಯೂಟರ್ ಲ್ಯಾಬ್‌ಗಳಲ್ಲಿ ಇರುವುದು ಉಬುಂಟು ಆಧಾರಿತ ಲಿನಕ್ಸ್. ಅದನ್ನು ಸಿದ್ಧಪಡಿಸುವುದು ಕೈಟ್ ಸಂಸ್ಥೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕಲಿಯುವುದೂ ಇದರಲ್ಲೇ. ಈ ಆವೃತ್ತಿಗಳು ಉಬುಂಟು 14.04ರಿಂದ 18.04ಕ್ಕೆ, ಆಮೇಲೆ 22.04ಕ್ಕೆ ಬಂದವು. ಮೇಲೆ ಹೇಳಿದ ಉಬುಂಟುವಿನ ಬದಲಾವಣೆ ನಡೆದದ್ದು ಇದರ ನಡುವೆಯೇ.

ಪರದೆಯ ಮೂಲೆಯ ನೆಟ್‌ವರ್ಕ್ ಚಿಹ್ನೆ ಒತ್ತಿ ಇಂಟರ್ನೆಟ್ ಬಳಸುವವರಿಗೆ ಇಂಥ ಬದಲಾವಣೆ ಗೊತ್ತೇ ಆಗುವುದಿಲ್ಲ. ಗೊತ್ತಾಗುವುದು ಆಜ್ಞೆ ಟೈಪ್ ಮಾಡುವವರಿಗೆ. ಉಬುಂಟು 18.04 ಹೊಸದಾಗಿ ಹಾಕಿದರೆ ‘ಐಎಫ್‌ಕಾನ್ಫಿಗ್’ ಅದರಲ್ಲಿ ಇರುವುದಿಲ್ಲ. ‘ಇಥ್0’ ಎಂದಿದ್ದ ಕಾರ್ಡ್‌ನ ಹೆಸರು ‘ಇಎನ್‌ಪಿ3ಎಸ್0’ ಎಂಬಂತೆ ಕಾಣುತ್ತದೆ. ಕಾರ್ಡ್ ಕೆಟ್ಟಿದೆ ಎಂದು ಅಂಗಡಿಗೆ ಒಯ್ಯಬೇಕಿಲ್ಲ, ಹೆಸರು ಬದಲಾಗಿದೆ ಅಷ್ಟೆ.

ನಿಜವಾದ ಅಪಾಯ ಎಲ್ಲಿ?

ಕೈಯಾರೆ ಐಪಿ ವಿಳಾಸ ಬರೆದಿಟ್ಟ ಕಂಪ್ಯೂಟರ್‌ಗಳಲ್ಲಿ. ಅಪ್‌ಗ್ರೇಡ್ ಆದ ಮೇಲೆ ಹಳೆಯ ಫೈಲನ್ನು ಓದುವವರು ಇಲ್ಲದಿದ್ದರೆ ಸಂಪರ್ಕ ಹೋಗುತ್ತದೆ. ಸರಿಪಡಿಸುವ ಸಾಫ್ಟ್‌ವೇರ್ ಇಳಿಸೋಣ ಎಂದರೆ ಅದಕ್ಕೂ ಇಂಟರ್ನೆಟ್ ಬೇಕು! ಶೃಂಗೇರಿ ತಾಲೂಕಿನ ಕೆರೆಕಟ್ಟೆಯಂಥ ಕಾಡಂಚಿನ ಊರಿನಲ್ಲಿ ಮಳೆಗಾಲದಲ್ಲಿ ರಿಪೇರಿಯವರನ್ನು ಕರೆಸುವುದು ಸುಲಭವಲ್ಲ. ಆದ್ದರಿಂದ ತಯಾರಿ ಮೊದಲೇ ಆಗಬೇಕು.

ಅಪ್‌ಗ್ರೇಡ್‌ಗೆ ಮುನ್ನ ಹೀಗೆ ಮಾಡಿ

1. ಐಪಿ ವಿಳಾಸ, ಗೇಟ್‌ವೇ, ಡಿಎನ್‌ಎಸ್ ಮೂರನ್ನೂ ಕಾಗದದಲ್ಲಿ ಬರೆದುಕೊಳ್ಳಿ. ಹಳೆಯ ಸೆಟ್ಟಿಂಗ್ ಫೈಲ್‌ನ ಪ್ರತಿಯನ್ನು ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಳ್ಳಿ.

2. ಬೇಕಾಗುವ ಸಾಫ್ಟ್‌ವೇರ್ ಸಂಪರ್ಕ ಇರುವಾಗಲೇ ಇಳಿಸಿಕೊಳ್ಳಿ.

3. ನೆಟ್‌ಪ್ಲಾನ್ ಫೈಲ್ ಬರೆಯುವಾಗ ಟ್ಯಾಬ್ ಒತ್ತಬೇಡಿ, ಸ್ಪೇಸ್ ಮಾತ್ರ ಬಳಸಿ. ಸಾಲಿನ ಮೊದಲು ಬಿಡುವ ಜಾಗ ಹೆಚ್ಚುಕಡಿಮೆಯಾದರೂ ಫೈಲ್ ಕೆಲಸ ಮಾಡುವುದಿಲ್ಲ.

4. ‘ನೆಟ್‌ಪ್ಲಾನ್ ಟ್ರೈ’ ಆಜ್ಞೆ ಬಳಸಿ. 120 ಸೆಕೆಂಡಿನಲ್ಲಿ ನೀವು ಒಪ್ಪಿಗೆ ಕೊಡದಿದ್ದರೆ ಅದು ಹಳೆಯ ಸೆಟ್ಟಿಂಗ್‌ಗೇ ಮರಳುತ್ತದೆ.

5. ಆದರೂ ಸಂಪರ್ಕ ಹೋದರೆ ಆಂಡ್ರಾಯ್ಡ್ ಫೋನನ್ನು ಯುಎಸ್‌ಬಿ ಕೇಬಲ್‌ನಿಂದ ಜೋಡಿಸಿ ‘ಯುಎಸ್‌ಬಿ ಟೆದರಿಂಗ್’ ಆನ್ ಮಾಡಿ. ಸಾಮಾನ್ಯವಾಗಿ ಲಿನಕ್ಸ್ ಅದನ್ನು ಇನ್ನೊಂದು ನೆಟ್‌ವರ್ಕ್ ಕಾರ್ಡ್ ಎಂದೇ ಗುರುತಿಸುತ್ತದೆ.

ಫೋನ್ ಬಳಸುವವರು ಏನು ಮಾಡಬೇಕು?

ಏನೂ ಮಾಡಬೇಕಿಲ್ಲ. ಫೋನ್‌ನ ನೆಟ್‌ವರ್ಕ್ ಸಾಫ್ಟ್‌ವೇರ್ ಸಿಸ್ಟಂ ಅಪ್‌ಡೇಟ್ ಜೊತೆಗೇ ಬರುತ್ತದೆ, ಅದನ್ನು ಸೆಟ್ಟಿಂಗ್ಸ್‌ನಲ್ಲಿ ನೋಡಿ. ‘ನೆಟ್‌ವರ್ಕ್ ಅಪ್‌ಡೇಟ್’ ಎಂದು ವಾಟ್ಸಾಪ್‌ನಲ್ಲಿ ಬರುವ ಎಪಿಕೆ ಫೈಲ್ ಯಾರೇ ಕಳಿಸಿದ್ದರೂ ತೆರೆಯಬೇಡಿ. ಅರ್ಥವಾಗದ ಆಜ್ಞೆಯನ್ನು ಕಂಪ್ಯೂಟರ್‌ನಲ್ಲಿ ಅಂಟಿಸಲೂ ಬೇಡಿ.

ಒಟ್ಟಿನಲ್ಲಿ: ಹಳೆಯ ನೆಟ್‌ವರ್ಕ್ ಸಾಫ್ಟ್‌ವೇರ್ ಹೋಗುತ್ತಿರುವುದು ನಿಜ. ಅದರಿಂದ ಹಳೆ ಕಂಪ್ಯೂಟರ್‌ಗಳ ಇಂಟರ್ನೆಟ್ ಬಂದ್ ಆಗುತ್ತದೆ ಎಂಬುದು ಸುಳ್ಳು.