ಹಗಲು ಕಚೇರಿ, ಇರುಳು ಕಾನೂನು

ಮೇಜಿನ ಮೇಲೆ ಮೂರು ಪತ್ರಗಳಿವೆ. ಒಂದು ಹೆಸರಾಂತ ಕಾಲೇಜಿನದು: ಹಗಲು ತರಗತಿ, ಮೂರು ವರ್ಷ, ಕೆಲಸ ಬಿಡಬೇಕು. ಇನ್ನೊಂದು ಅಷ್ಟೇನೂ ಹೆಸರಿಲ್ಲದ ಕಾಲೇಜಿನದು: ಸಂಜೆ ತರಗತಿ, ನಾಲ್ಕು ವರ್ಷ, ಸಂಬಳ ಉಳಿಯುತ್ತದೆ. ಮೂರನೆಯದು ವಿದ್ಯಾರ್ಥಿವೇತನ ಕೊಡುತ್ತೇನೆ ಎನ್ನುತ್ತದೆ, ಆದರೆ ಊರು ದೂರ. ದುಡಿಯುತ್ತಲೇ ವಕೀಲರಾಗಬೇಕೆಂದು ಹಂಬಲಿಸುವ ಅಮೆರಿಕದ ಅನೇಕರು ಇಂಥ ಪತ್ರಗಳನ್ನು ಮುಂದಿಟ್ಟುಕೊಂಡು ಲೆಕ್ಕ ಹಾಕುತ್ತಾರೆ. ಮೇಲ್ನೋಟಕ್ಕೆ ಇದು ಶುಲ್ಕದ, ಸಮಯದ ಲೆಕ್ಕ. ಆದರೆ ಇದರ ಹಿಂದೆ ಒಂದು ಹಳೆಯ ಜಗಳವಿದೆ. ಕಾನೂನು ವಿದ್ಯೆ ಬಿಡುವಿದ್ದವರಿಗಷ್ಟೇ ಸೇರಿದ್ದೇ, ದುಡಿಯುವವರಿಗೂ ಸೇರಿದ್ದೇ?

ಗುಮಾಸ್ತರ ಕಾಲೇಜು

ಅಮೆರಿಕದ ಅಂತರ್ಯುದ್ಧ ಮುಗಿದದ್ದು 1865ರಲ್ಲಿ. ಆ ಹೊತ್ತಿಗೆ ರಾಜಧಾನಿ ವಾಷಿಂಗ್ಟನ್ನಿನ ಸರ್ಕಾರಿ ಕಚೇರಿಗಳಲ್ಲಿ ಗುಮಾಸ್ತರು ತುಂಬಿಕೊಂಡಿದ್ದರು. ಕಚೇರಿ ಬಿಟ್ಟ ಮೇಲೆ ಇವರಿಗೆ ಪಾಠ ಹೇಳಲೆಂದು ಕೊಲಂಬಿಯನ್ ಕಾಲೇಜು (ಇಂದಿನ ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯ) ಅದೇ ವರ್ಷ ಕಾನೂನು ತರಗತಿ ತೆರೆಯಿತು. 1869ರಲ್ಲಿ ಕಪ್ಪು ಜನರ ಹೊವಾರ್ಡ್ ವಿಶ್ವವಿದ್ಯಾಲಯ, 1870ರಲ್ಲಿ ಜಾರ್ಜ್‌ಟೌನ್ ಇದೇ ದಾರಿ ಹಿಡಿದವು.

ಬಾಸ್ಟನ್ನಿನಲ್ಲಿ 1906ರಲ್ಲಿ ಗ್ಲೀಸನ್ ಆರ್ಚರ್ ಎಂಬ ಯುವ ವಕೀಲ ತನ್ನ ಮನೆಯಲ್ಲೇ ಸಂಜೆ ಪಾಠ ಶುರು ಮಾಡಿದ. ಅದೇ ಮುಂದೆ ಸಫೋಕ್ ಕಾನೂನು ಕಾಲೇಜಾಯಿತು. 1908ರಲ್ಲಿ ಅದೇ ಊರಿನ ಆರ್ಥರ್ ಮ್ಯಾಕ್ಲೀನ್ ಇಬ್ಬರು ಮಹಿಳೆಯರಿಗೆ ಕಾನೂನು ಹೇಳಿಕೊಡತೊಡಗಿದ. ಅದು ಪೋರ್ಷಿಯಾ ಎಂಬ ಮಹಿಳಾ ಕಾನೂನು ಶಾಲೆಯಾಗಿ ಬೆಳೆಯಿತು. ನದಿಯಾಚೆಯ ಹಾರ್ವರ್ಡ್ ಕಾನೂನು ಶಾಲೆ ಮಹಿಳೆಯರನ್ನು ಸೇರಿಸಿಕೊಂಡದ್ದು 1950ರಲ್ಲಿ ಎಂಬುದನ್ನು ನೆನೆದರೆ ಈ ಸಂಜೆ ಶಾಲೆಗಳ ಬೆಲೆ ತಿಳಿಯುತ್ತದೆ.

ವಕೀಲರ ಸಂಘಕ್ಕೆ ಮಾತ್ರ ಇದು ಹಿಡಿಸಲಿಲ್ಲ. ಗುಣಮಟ್ಟ ಕುಸಿಯುತ್ತಿದೆ ಎಂಬುದು ಅದರ ದೂರು. ವಲಸೆ ಬಂದವರ ಮಕ್ಕಳು ಕರಿಕೋಟು ತೊಡುತ್ತಿದ್ದಾರೆಂಬ ಅಸಮಾಧಾನವೂ ಅದರೊಳಗೆ ಬೆರೆತಿತ್ತು. 1921ರಲ್ಲಿ ಅಮೆರಿಕನ್ ಬಾರ್ ಅಸೋಸಿಯೇಶನ್ ಹೊಸ ನಿಯಮ ಸೂಚಿಸಿತು. ಕಾನೂನಿಗೆ ಸೇರುವ ಮೊದಲು ಎರಡು ವರ್ಷ ಕಾಲೇಜು ಓದಿರಬೇಕು. ಕಾನೂನನ್ನು ಪೂರ್ಣಾವಧಿಯಲ್ಲಿ ಮೂರು ವರ್ಷ, ಅರೆಕಾಲಿಕವಾದರೆ ಇನ್ನೂ ಹೆಚ್ಚು ಕಾಲ ಓದಬೇಕು. ಕಾರ್ನೆಗಿ ಪ್ರತಿಷ್ಠಾನಕ್ಕಾಗಿ ಆಲ್ಫ್ರೆಡ್ ರೀಡ್ ಬರೆದ ವರದಿ ಹೊರಬಂದದ್ದೂ ಅದೇ ವರ್ಷ. ಪ್ರಜಾಪ್ರಭುತ್ವದಲ್ಲಿ ಕಾನೂನು ಒಂದು ಸಾರ್ವಜನಿಕ ವೃತ್ತಿ, ಅದರ ಬಾಗಿಲು ಬಡವರಿಗೂ ತೆರೆದಿರಬೇಕು, ಹೀಗಾಗಿ ಸಂಜೆ ಶಾಲೆಗಳೂ ಉಳಿಯಬೇಕು ಎಂಬುದು ಅವರ ವಾದ.

ಅಪ್ಪ ಓದಿದ ತರಗತಿ

ಇಬ್ಬರಲ್ಲಿ ಯಾರು ಸರಿ? ಉತ್ತರ ಸುಲಭವಲ್ಲ ಎಂಬುದಕ್ಕೆ ಹೊವಾರ್ಡ್‌ನ ಕತೆಯೇ ಸಾಕ್ಷಿ.

ವಿಲಿಯಂ ಹ್ಯೂಸ್ಟನ್ ಹಗಲು ಯುದ್ಧ ಇಲಾಖೆಯಲ್ಲಿ ಗುಮಾಸ್ತರಾಗಿದ್ದು, ಸಂಜೆ ಹೊವಾರ್ಡ್‌ನಲ್ಲಿ ಕಾನೂನು ಓದಿ ವಕೀಲರಾದವರು. ಅವರ ಮಗ ಚಾರ್ಲ್ಸ್ ಹಾರ್ವರ್ಡ್‌ನಲ್ಲಿ ಕಲಿತು 1929ರಲ್ಲಿ ಹೊವಾರ್ಡ್ ಕಾನೂನು ಶಾಲೆಯ ಉಪಮುಖ್ಯಸ್ಥರಾದರು. ಮಾನ್ಯತೆಯಿಲ್ಲದ ಶಾಲೆಯ ಪದವಿ ಹಿಡಿದು ಕಪ್ಪು ವಕೀಲ ಎಲ್ಲಿಗೂ ಮುಟ್ಟಲಾರ ಎಂದು ನಂಬಿದ ಚಾರ್ಲ್ಸ್, ತಮ್ಮ ತಂದೆಯಂಥವರಿಗೆ ಆಸರೆಯಾಗಿದ್ದ ಸಂಜೆ ತರಗತಿಯನ್ನೇ ಮುಚ್ಚಿಸಿದರು! 1931ರಲ್ಲಿ ಮಾನ್ಯತೆ ದೊರೆಯಿತು. 1933ರಲ್ಲಿ ಅಲ್ಲಿಂದ ಹೊರಬಂದ ಥರ್ಗುಡ್ ಮಾರ್ಷಲ್ ಮುಂದೆ 1954ರ ಬ್ರೌನ್ ಮೊಕದ್ದಮೆಯಲ್ಲಿ ಶಾಲೆಗಳ ವರ್ಣಭೇದವನ್ನು ಕಾನೂನುಬಾಹಿರ ಎನ್ನಿಸಿದರು. ಗುಣಮಟ್ಟದ ಹಟ ಫಲ ಕೊಟ್ಟಿತು, ನಿಜ. ಆದರೆ ಕೆಲಸ ಬಿಡಲಾರದೆ ಹಿಂದುಳಿದವರೆಷ್ಟೋ!

ಮತ್ತೊಂದು ಪಕ್ಕದ ಸಾಕ್ಷಿಯೂ ಇದೆ. ಹಗಲು ವಿಮೆ ಮಾರುತ್ತ, ರಾತ್ರಿ ಸೇಂಟ್ ಪಾಲ್ ಕಾನೂನು ಕಾಲೇಜಿನಲ್ಲಿ ಓದುತ್ತ 1931ರಲ್ಲಿ ಪದವಿ ಪಡೆದ ವಾರೆನ್ ಬರ್ಗರ್ 1969ರಿಂದ 1986ರವರೆಗೆ ಅಮೆರಿಕದ ಮುಖ್ಯ ನ್ಯಾಯಮೂರ್ತಿಯಾಗಿದ್ದರು.

ನಮ್ಮ ದೇಶದಲ್ಲೂ ಬೆಳಿಗ್ಗೆಯೋ ಸಂಜೆಯೋ ತರಗತಿಗೆ ಹೋಗಿ ನಡುವೆ ಕೆಲಸ ಮಾಡುತ್ತ ಕಾನೂನು ಓದುವುದು ಬಹುಕಾಲ ರೂಢಿಯಲ್ಲಿತ್ತು. 1988ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆ ಮೊದಲ ತಂಡವನ್ನು ಸೇರಿಸಿಕೊಂಡ ಮೇಲೆ ಐದು ವರ್ಷಗಳ ಪೂರ್ಣಾವಧಿ ಓದೇ ಮಾದರಿಯಾಯಿತು. ಭಾರತೀಯ ವಕೀಲರ ಪರಿಷತ್ತಿನ 2008ರ ನಿಯಮಗಳು ತರಗತಿಯ ಹೊತ್ತನ್ನು ಬೆಳಿಗ್ಗೆ 8ರಿಂದ ಸಂಜೆ 7ರ ಒಳಗೆ ಇರಿಸಿದವು.

ತಕ್ಕಡಿಯಲ್ಲಿ ಏನಿಡಬೇಕು?

ಅಮೆರಿಕದಲ್ಲಿ ಅರೆಕಾಲಿಕ ಓದು ಉಳಿದಿದೆಯಾದರೂ ಅಲ್ಲೊಂದು ಸೂಕ್ಷ್ಮವಿದೆ. ಹೆಸರಾಂತ ಪತ್ರಿಕೆಯೊಂದರ ಕಾಲೇಜು ಶ್ರೇಯಾಂಕ ಮೊದಲು ಹಗಲು ವಿದ್ಯಾರ್ಥಿಗಳ ಪ್ರವೇಶ ಪರೀಕ್ಷೆಯ ಅಂಕಗಳನ್ನಷ್ಟೇ ನೋಡುತ್ತಿತ್ತು. ಹಾಗಾಗಿ ಅಂಕ ಕಡಿಮೆಯಿದ್ದವರನ್ನು ಅರೆಕಾಲಿಕ ವಿಭಾಗಕ್ಕೆ ಸೇರಿಸಿಕೊಂಡರೆ ಕಾಲೇಜಿನ ಸ್ಥಾನ ಕೆಡುತ್ತಿರಲಿಲ್ಲ. 2009ರಲ್ಲಿ ಅವರ ಅಂಕಗಳೂ ಲೆಕ್ಕಕ್ಕೆ ಬಂದವು. ಪ್ರವೇಶ ಪತ್ರ ಸದಾ ವಿದ್ಯಾರ್ಥಿಯ ಹಿತಕ್ಕಾಗಿಯೇ ಬರುವುದಿಲ್ಲ ಎಂಬುದು ಇದರ ಪಾಠ.

ಹಾಗಾದರೆ ಆ ಮೂರು ಪತ್ರಗಳನ್ನು ತೂಗುವುದು ಹೇಗೆ? ಕಾಲೇಜಿನ ಹೆಸರಿಗಿಂತ ಮೊದಲು ಅದರ ಮಾನ್ಯತೆ ನೋಡಬೇಕು. ಹಗಲಿನ ಅಧ್ಯಾಪಕರೇ ಸಂಜೆಯೂ ಪಾಠ ಮಾಡುವರೇ? ವಿದ್ಯಾರ್ಥಿವೇತನ ಸಂಜೆಯವರಿಗೂ ಉಂಟೇ, ಷರತ್ತು ತಪ್ಪಿದರೆ ಕೈಬಿಡುವುದೇ? ವಕೀಲಿ ಪರೀಕ್ಷೆಯಲ್ಲಿ ಎಷ್ಟು ಮಂದಿ ತೇರ್ಗಡೆಯಾಗಿದ್ದಾರೆ? ತೇರ್ಗಡೆಯ ಅಂಕಿಅಂಶವನ್ನು ಮಾನ್ಯತೆ ಪಡೆದ ಕಾಲೇಜುಗಳು ಪ್ರಕಟಿಸಲೇಬೇಕು. ನಾಲ್ಕು ವರ್ಷದ ಸಂಜೆಗಳನ್ನು ಮನೆಯವರು ಬಿಟ್ಟುಕೊಡುವರೇ ಎಂಬ ಪ್ರಶ್ನೆಗೆ ಮಾತ್ರ ಯಾವ ಕಾಲೇಜೂ ಉತ್ತರ ಕೊಡಲಾರದು.

ಮಗ ಚಾರ್ಲ್ಸ್ ತಂದ ನಿಯಮ ಅಪ್ಪ ವಿಲಿಯಂ ಓದುವ ಕಾಲಕ್ಕೇ ಇದ್ದಿದ್ದರೆ ಅಪ್ಪ ವಕೀಲರಾಗುತ್ತಿದ್ದರೇ? ಅಪ್ಪ ವಕೀಲರಾಗದಿದ್ದರೆ ಮಗ ಹಾರ್ವರ್ಡ್‌ನ ಮೆಟ್ಟಿಲು ಹತ್ತುತ್ತಿದ್ದರೇ? ಗುಣಮಟ್ಟದ ಮಾತಾಡುವ ಎಲ್ಲರೂ ಒಮ್ಮೆ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು.