ಎಷ್ಟು ಕೊಡುತ್ತೆ? ಹುಣಸೂರು ರಸ್ತೆಯ ಹಳೇ ಕಾರುಗಳ ಲೆಕ್ಕ

ಕಂಪಲಾಪುರದ ತಂಬಾಕು ಮಾರುಕಟ್ಟೆ ಶುರುವಾದರೆ ಹೆದ್ದಾರಿ ಬದಿಯಲ್ಲಿ ಟ್ರ್ಯಾಕ್ಟರ್, ಗೂಡ್ಸ್ ಆಟೋಗಳ ಜೊತೆ ಕಾರುಗಳೂ ಸಾಲುಗಟ್ಟುತ್ತವೆ. ಹೊಗೆಸೊಪ್ಪಿಗೆ ಒಳ್ಳೇ ರೇಟು ಸಿಕ್ಕ ವರ್ಷ ನಾಲ್ಕು ಜನ ಸೆಕೆಂಡ್ ಹ್ಯಾಂಡ್ ಕಾರು ತರುತ್ತಾರೆ. ತಂದವರನ್ನು ಊರವರು ಬೆಲೆ ಕೇಳುವುದಕ್ಕೂ ಮೊದಲು ಕೇಳುವುದು ಒಂದೇ ಮಾತು: "ಎಷ್ಟು ಕೊಡುತ್ತೆ?" ಕರೆಯುವ ಹಸುವಿನ ಬಗ್ಗೆ ಕೇಳಿದ ಹಾಗೆ.

ಈ ಬರಹವೂ ಆ ಪ್ರಶ್ನೆಯಿಂದಲೇ ಹುಟ್ಟಿತು. ನಮ್ಮ ಬಳಗದ ಗೆಳೆಯನೊಬ್ಬನ ಮನೆಯಲ್ಲಿ 2003ರ ಪೆಟ್ರೋಲ್ ಕಾರಿದೆ, ಹಿಂದೆ ಡಿಕ್ಕಿ ಇರುವಂಥದ್ದು. ಅವನ ತಾಯಿಗೆ ವಾರಕ್ಕೆ ಎರಡು ಸಲ ಮೈಸೂರಿನಲ್ಲಿ ಡಯಾಲಿಸಿಸ್. ಹೋಗಿಬರಲು 120 ಕಿಲೋಮೀಟರ್ ಆಸುಪಾಸು. ಮೊದಲು ಲೀಟರಿಗೆ 15 ಕೊಡುತ್ತಿದ್ದ ಕಾರು 9ಕ್ಕೆ ಇಳಿದಿತ್ತು. ಪೆಟ್ರೋಲ್ ನೂರು ದಾಟಿರುವ ಈ ಕಾಲದಲ್ಲಿ ಒಂದು ಓಡಾಟಕ್ಕೆ 1,300 ರೂಪಾಯಿಗೂ ಮೇಲೆ. "ಗುಜರಿಗೆ ಹಾಕಿಬಿಡೋಣ" ಎಂದು ಅವನ ತಂದೆ ಹೇಳುತ್ತಿದ್ದರು. ಹಾಕಿದರೆ ಡಯಾಲಿಸಿಸ್‌ಗೆ ಹೋಗುವುದು ಹೇಗೆ ಎಂಬುದಕ್ಕೆ ಅವರ ಬಳಿಯೂ ಉತ್ತರ ಇರಲಿಲ್ಲ.

ನಾವು ಬಾನೆಟ್ ತೆರೆಯುವ ಮೊದಲು ಊರಿನ ಹಿರಿಯರನ್ನು, ಹಳೇ ಡ್ರೈವರುಗಳನ್ನು ಮಾತಾಡಿಸಿದೆವು. ಆಮೇಲೆ ಗೊತ್ತಾಯಿತು, ಕಾರಿನ ಕಾಯಿಲೆಗೆ ಕಾರಣ ಇದ್ದದ್ದು ಆ ಹಳೇ ಕಥೆಯಲ್ಲೇ.

'ಮೈಲೇಜ್' ಎಂಬ ಪದವನ್ನೇ ನೋಡಿ. ಮೈಲಿ, ಗ್ಯಾಲನ್ ಇದ್ದ ಕಾಲದ ಮಾತು ಅದು. 1958ರ ಅಕ್ಟೋಬರ್‌ನಿಂದ ನಮ್ಮಲ್ಲಿ ಮೆಟ್ರಿಕ್ ಅಳತೆ ಹಂತಹಂತವಾಗಿ ಬಂತು, ಮೈಲಿಕಲ್ಲು ಕಿಲೋಮೀಟರ್ ಕಲ್ಲಾಯಿತು, ಪದ ಮಾತ್ರ ಹೋಗಲಿಲ್ಲ. ಗ್ಯಾಲನ್ನಿಗೆ 30 ಮೈಲಿ ಅಂದರೆ ಈಗಿನ ಲೆಕ್ಕದಲ್ಲಿ ಲೀಟರಿಗೆ ಹತ್ತೂವರೆ ಕಿಲೋಮೀಟರ್ ಚಿಲ್ಲರೆ.

ಎಣ್ಣೆಯ ಬರ ಈ ಕಡೆಯವರಿಗೆ ಮೊದಲು ಚೆನ್ನಾಗಿ ತಟ್ಟಿದ್ದು ಎರಡನೇ ಮಹಾಯುದ್ಧದಲ್ಲಿ. 1942ರಲ್ಲಿ ಬರ್ಮಾ ಜಪಾನಿನ ಕೈಸೇರಿತು, ಅಲ್ಲಿಂದ ಬರುತ್ತಿದ್ದ ಎಣ್ಣೆ ನಿಂತಿತು. ಪೆಟ್ರೋಲಿಗೂ ರೇಷನ್. ಆಗ ಓಡಿದ್ದು ಇದ್ದಿಲು ಬಸ್ಸು. ಬಸ್ಸಿನ ಹಿಂದೆ ದೊಡ್ಡ ಡ್ರಮ್ಮು, ಅದರಲ್ಲಿ ಇದ್ದಿಲು, ಕೈಯಲ್ಲಿ ತಿರುಗಿಸುವ ಗಾಳಿಚಕ್ರ. ಗಾಳಿ ಸಾಲದಂತೆ ಇದ್ದಿಲನ್ನು ಉರಿಸಿದರೆ ಕಾರ್ಬನ್ ಮಾನಾಕ್ಸೈಡ್ ಅನಿಲ ಬರುತ್ತದೆ, ಅದೇ ಇಂಜಿನ್ನಿಗೆ ಊಟ. ಆದರೆ ಆ ಅನಿಲದಲ್ಲಿ ಅರ್ಧದಷ್ಟು ಉರಿಯದ ಸಾರಜನಕವೇ ಇರುತ್ತಿತ್ತು. ಹಾಗಾಗಿ ಕಸುವು ಕಮ್ಮಿ. ಏರು ಬಂದರೆ ಜನ ಇಳಿದು ತಳ್ಳುತ್ತಿದ್ದರು ಎಂದು ಅಜ್ಜಂದಿರು ಇವತ್ತಿಗೂ ನಗುತ್ತಾ ಹೇಳುತ್ತಾರೆ. ಲೀಟರಿಗೆ ಎಷ್ಟು ಎಂಬ ಮಾತೇ ಆಗ ಇರಲಿಲ್ಲ, ಒಂದು ಮೂಟೆ ಇದ್ದಿಲಿಗೆ ಎಷ್ಟು ದೂರ ಎಂಬುದೇ ಲೆಕ್ಕ.

1950ರ ದಶಕದ ಕೊನೆಗೆ ಅಂಬಾಸಿಡರ್ ಬಂತು. ಬಂಗಾಳದ ಉತ್ತರಪಾರಾದಲ್ಲಿ ಹಿಂದುಸ್ತಾನ್ ಮೋಟಾರ್ಸ್ ತಯಾರಿಸಿದ ಕಾರು, ಮೂಲ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್. 1489 ಸಿಸಿ ಪೆಟ್ರೋಲ್ ಇಂಜಿನ್, ಒಂದು ಟನ್ನು ಮೀರಿದ ತೂಕ. ಲೀಟರಿಗೆ ಎಂಟೋ ಹತ್ತೋ ಕೊಟ್ಟರೆ ಪುಣ್ಯ. ಮದುವೆ ದಿಬ್ಬಣ, ಎಲೆಕ್ಷನ್ ಪ್ರಚಾರ, ಮಡಿಕೇರಿ ಟೂರು ಎಲ್ಲದಕ್ಕೂ ಅದೇ. ಒಳಗೆ ಹತ್ತು ಜನ ಕೂತರೂ ಬೇಡ ಎನ್ನದ ಕಾರು ಅದು, ನಾವು ಮಕ್ಕಳಾಗಿದ್ದಾಗ ಹಾಗೆ ಕೂತವರೇ.

1973ರ ಅಕ್ಟೋಬರ್‌ನಲ್ಲಿ ಅರಬ್ ದೇಶಗಳು ತೈಲಕ್ಕೆ ತಡೆ ಹಾಕಿದವು. ಬ್ಯಾರೆಲ್ಲಿಗೆ 3 ಡಾಲರ್ ಇದ್ದ ಕಚ್ಚಾ ತೈಲ ಮುಂದಿನ ಜನವರಿ ಹೊತ್ತಿಗೆ 12 ಡಾಲರ್ ಮುಟ್ಟಿತು. ನಮ್ಮಲ್ಲೂ ಪೆಟ್ರೋಲ್ ಬೆಲೆ ಜಿಗಿಯಿತು. ಇಂಧನ ಉಳಿಸುವುದನ್ನು ಜನರಿಗೆ ಕಲಿಸಲೆಂದೇ ಕೇಂದ್ರ ಸರ್ಕಾರ 1978ರಲ್ಲಿ ಪೆಟ್ರೋಲಿಯಂ ಸಂರಕ್ಷಣಾ ಸಂಶೋಧನಾ ಸಂಘ ಶುರುಮಾಡಿತು. ಹಳೇ ಕಾರುಗಳಿಗೆ ಅದು ಹೇಳುತ್ತಾ ಬಂದ ಮಾತು, 45ರಿಂದ 55ರ ವೇಗದಲ್ಲಿ ಓಡಿಸಿ ಎಂದು. ಬಾಡಿಗೆ ಕಾರಿನವರಲ್ಲಿ ಕೆಲವರು ಬೇರೆ ದಾರಿ ಹಿಡಿದರು. ರೇಷನ್ ಸೀಮೆಎಣ್ಣೆಯನ್ನು ಪೆಟ್ರೋಲಿಗೆ ಬೆರೆಸಿದರು. ಕಾರು ಓಡಿತು, ಇಂಜಿನ್ ಹಾಳಾಯಿತು. 1980ರಲ್ಲಿ ಡೀಸೆಲ್ ಅಂಬಾಸಿಡರ್ ಬಂದಾಗ ಟ್ಯಾಕ್ಸಿಯವರು ಅದಕ್ಕೆ ಮುಗಿಬಿದ್ದರು. ಬರೀ 37 ಅಶ್ವಶಕ್ತಿ, ಏರಿನಲ್ಲಿ ಏದುಸಿರು. ಆದರೂ ಡೀಸೆಲ್ ಅಗ್ಗ, ಕುಡಿಯುವುದೂ ಕಮ್ಮಿ.

ಆಮೇಲೆ 1983ರ ಡಿಸೆಂಬರ್ 14ರಂದು ಮೊದಲ ಮಾರುತಿ 800ರ ಕೀಲಿಯನ್ನು ಇಂದಿರಾ ಗಾಂಧಿ ಕೊಟ್ಟರು. 796 ಸಿಸಿ, ಹಗುರವಾದ ಮೈ. 'ಎಷ್ಟು ಕೊಡುತ್ತೆ' ಎಂಬ ಪ್ರಶ್ನೆಗೆ ಎರಡಂಕಿಯ ಉತ್ತರ ಮಾಮೂಲಾಗಿದ್ದು ಆಗಿನಿಂದ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಅಂಬಾಸಿಡರ್ ಕಾಲದಲ್ಲಿ ಇಂಜಿನ್ನಿಗೆ ಪೆಟ್ರೋಲ್ ಬೆರೆಸಿ ಕೊಡುತ್ತಿದ್ದುದು ಕಾರ್ಬೊರೇಟರ್. ಅದರ ವೈದ್ಯ ನಮ್ಮ ಊರಿನ ಮೆಕ್ಯಾನಿಕ್. ಪ್ಲಗ್ ಬಿಚ್ಚಿ ಬಣ್ಣ ನೋಡುತ್ತಿದ್ದ. ಮಸಿ ಕಪ್ಪಾಗಿದ್ದರೆ ಪೆಟ್ರೋಲ್ ಜಾಸ್ತಿ, ಬೆಳ್ಳಗಿದ್ದರೆ ಕಮ್ಮಿ, ಕಾಫಿ ಬಣ್ಣ ಇದ್ದರೆ ಸರಿ. ಒಂದು ಸ್ಕ್ರೂ ಕಾಲುಸುತ್ತು ತಿರುಗಿಸಿ, ಕಿವಿಗೊಟ್ಟು ಕೇಳಿ, ಸರಿಮಾಡುತ್ತಿದ್ದ. ಅದು ನಿಜವಾದ ವಿದ್ಯೆ, ನಾವು ಹಗುರವಾಗಿ ಮಾತಾಡುವುದಿಲ್ಲ.

ಆ ಕಾಲದ್ದೇ ಇನ್ನೊಂದು ರೂಢಿ ಇತ್ತು. ಬೇಸಿಗೆಯಲ್ಲಿ, ಮಡಿಕೇರಿ ಏರಿನಲ್ಲಿ ಇಂಜಿನ್ ಕಾದು ಕುದಿಯುತ್ತಿದ್ದಾಗ ಥರ್ಮೋಸ್ಟಾಟನ್ನೇ ಕಿತ್ತು ಬಿಸಾಡುವುದು. ಇಂಜಿನ್ ಬಿಸಿಯಾಗುವ ತನಕ ನೀರು ರೇಡಿಯೇಟರಿಗೆ ಹೋಗದಂತೆ ತಡೆದು, 80 ಡಿಗ್ರಿ ದಾಟಿದ ಮೇಲೆ ಬಾಗಿಲು ತೆಗೆಯುವ ಚಿಕ್ಕ ಕವಾಟ ಅದು. ಅದಿಲ್ಲದಿದ್ದರೆ ನೀರು ಸದಾ ಸುತ್ತುತ್ತದೆ, ಇಂಜಿನ್ ತಣ್ಣಗಿರುತ್ತದೆ. ಕಾರ್ಬೊರೇಟರ್ ಕಾರಿನಲ್ಲಿ ಇದರಿಂದ ನಷ್ಟ ಇತ್ತು, ಆದರೆ ಯಾರಿಗೂ ಎದ್ದು ಕಾಣುತ್ತಿರಲಿಲ್ಲ.

2000ದ ಏಪ್ರಿಲ್‌ನಿಂದ ದೇಶದಾದ್ಯಂತ ಹೊಗೆಯ ಮಿತಿ ಬಿಗಿಯಾಯಿತು. ಕಾರ್ಬೊರೇಟರ್ ಹೋಗಿ, ಕಂಪ್ಯೂಟರ್ ಅಳೆದು ಪೆಟ್ರೋಲ್ ಚಿಮ್ಮಿಸುವ ಇಂಜಿನ್‌ಗಳು ಬಂದವು. ನೀರಿನ ಬಿಸಿ ನೋಡುವ ಒಂದು ಸೆನ್ಸರ್ ಇದೆ. ನೀರು ತಣ್ಣಗಿದ್ದರೆ 'ಇಂಜಿನ್ ಈಗ ತಾನೇ ಸ್ಟಾರ್ಟ್ ಆಗಿದೆ' ಎಂದುಕೊಂಡು ಕಂಪ್ಯೂಟರ್ ಪೆಟ್ರೋಲ್ ಜಾಸ್ತಿ ಕೊಡುತ್ತದೆ. ಮೈಸೂರು ಮುಟ್ಟುವ ತನಕವೂ ಕೊಡುತ್ತಲೇ ಇರುತ್ತದೆ. ಹಳೇ ಕಾಲದ ರೂಢಿ ಹೊಸ ಕಾಲದ ಕಾರಿನ ಟ್ಯಾಂಕಿಗೆ ತೂತು ಮಾಡಿದ್ದು ಹೀಗೆ.

ಗೆಳೆಯನ ಕಾರಿಗೆ ಬರೋಣ. ಮೊದಲು ಲೆಕ್ಕ ಗಟ್ಟಿಮಾಡಿಕೊಂಡೆವು. ಟ್ಯಾಂಕ್ ಪೂರ್ತಿ ತುಂಬಿಸಿ, ಮೀಟರ್ ಬರೆದು, ಮೈಸೂರಿಗೆ ಹೋಗಿಬಂದು, ಅದೇ ಬಂಕಿನ ಅದೇ ಪಂಪಿನಲ್ಲಿ ಮತ್ತೆ ಪೂರ್ತಿ ತುಂಬಿಸಿದೆವು. 9.2 ಬಂತು. 200 ರೂಪಾಯಿಗೆ ಹಾಕಿಸಿ ಮುಳ್ಳು ನೋಡಿ ಹೇಳುವ ಮೈಲೇಜ್ ನಂಬಬೇಡಿ. ಹೆದ್ದಾರಿಯ ಕಿಲೋಮೀಟರ್ ಕಲ್ಲುಗಳ ಜೊತೆ ಮೀಟರನ್ನೂ ತಾಳೆ ನೋಡಿದೆವು, ಅದು ಸರಿಯಿತ್ತು.

ಚಕ್ರಗಳ ಗಾಳಿ 22 ಇತ್ತು, ಬಾಗಿಲ ಚೀಟಿ 30 ಅನ್ನುತ್ತದೆ. ಓಡಿಸಿ ನಿಲ್ಲಿಸಿ ಚಕ್ರಗಳ ಹತ್ತಿರ ಕೈ ಹಿಡಿದರೆ ಹಿಂದಿನ ಎಡಚಕ್ರ ಮಾತ್ರ ಕೆಂಡ. ಜಾಕ್ ಕೊಟ್ಟು ಎತ್ತಿ ತಿರುಗಿಸಿದರೆ ಅರ್ಧ ಸುತ್ತೂ ಹೋಗದು. ಬ್ರೇಕ್ ಹಿಡಿದೇ ಇತ್ತು, ಅಂದರೆ ಕಾರು ಬ್ರೇಕ್ ಒತ್ತಿಕೊಂಡೇ ಮೈಸೂರಿಗೆ ಹೋಗುತ್ತಿತ್ತು. ಏರ್ ಫಿಲ್ಟರ್ ತುಂಬಾ ಹೊಗೆಸೊಪ್ಪಿನ ಗಾಡಿಗಳು ಎಬ್ಬಿಸಿದ ಧೂಳು. ಇಷ್ಟು ಸರಿಮಾಡಿದ ಮೇಲೆ 11 ಮುಟ್ಟಿತು. ಪ್ಲಗ್ ಮಾತ್ರ ಇನ್ನೂ ಮಸಿ.

ಗುಟ್ಟು ಹೇಳಿದ್ದು ಡ್ಯಾಶ್‌ಬೋರ್ಡಿನ ಬಿಸಿಯ ಮುಳ್ಳು. ಹುಣಸೂರು ದಾಟಿದರೂ ಅದು ನಡುವಿಗೆ ಏರಲೇ ಇಲ್ಲ. "ಇದು ತಣ್ಣಗಿರೋ ಗಾಡಿ, ಒಳ್ಳೇದು" ಎಂದು ಗೆಳೆಯನ ತಂದೆ ವರ್ಷಗಟ್ಟಲೆ ಹೆಮ್ಮೆಪಟ್ಟಿದ್ದರು. ಬಿಚ್ಚಿ ನೋಡಿದರೆ ಥರ್ಮೋಸ್ಟಾಟ್ ಇರಬೇಕಾದ ಜಾಗ ಖಾಲಿ. ಹಿಂದೊಮ್ಮೆ ಬೇಸಿಗೆಯಲ್ಲಿ ಕಾದು ನಿಂತಾಗ ಯಾರೋ ಒಬ್ಬರು ರಿಪೇರಿ ಮಾಡಿಕೊಟ್ಟಿದ್ದು ಅವರಿಗೆ ಆಗ ನೆನಪಾಯಿತು. ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ, ಗುರುವಿನಿಂದ ಕಲಿತದ್ದನ್ನೇ ಮಾಡಿದ್ದಾರೆ. ರೇಡಿಯೇಟರ್ ಸ್ವಚ್ಛಮಾಡಿಸಿ ಹೊಸ ಥರ್ಮೋಸ್ಟಾಟ್ ಹಾಕಿಸಿದೆವು. ಸ್ವಚ್ಛ ಮಾಡದೆ ಹಾಕಿದರೆ ಮತ್ತೆ ಕುದಿಯುತ್ತದೆ, ಮತ್ತೆ ಕೀಳುತ್ತಾರೆ.

13.4 ಬಂತು. ಹಳೆಯ 15 ಬರಲಿಲ್ಲ. ಇಂಜಿನ್ ಸವೆದಿದೆ, ಪೆಟ್ರೋಲೂ ಬದಲಾಗಿದೆ. ಈಗ ಬಂಕಿನಲ್ಲಿ ಸಿಗುವುದು 20 ಭಾಗ ಎಥೆನಾಲ್ ಬೆರೆತ ಪೆಟ್ರೋಲ್. ಎಥೆನಾಲಿನ ಶಕ್ತಿ ಪೆಟ್ರೋಲಿನ ಮೂರನೇ ಎರಡು ಭಾಗ. ಎಥೆನಾಲ್ ಇಲ್ಲದ ಪೆಟ್ರೋಲಿಗೆಂದು ಮಾಡಿ, 10 ಭಾಗಕ್ಕೆ ಹೊಂದಿಸಿದ ಕಾರುಗಳಲ್ಲಿ ಇದರಿಂದ ಮೈಲೇಜ್ ನೂರಕ್ಕೆ 6–7ರಷ್ಟು ಇಳಿಯಬಹುದು ಎಂದು ನೀತಿ ಆಯೋಗದ 2021ರ ವರದಿಯೇ ಹೇಳಿತ್ತು. ಎಥೆನಾಲ್ ಕಬ್ಬಿನಿಂದಲೂ ಮುಸುಕಿನ ಜೋಳದಿಂದಲೂ ಬರುತ್ತದೆ, ನಮ್ಮ ಕಡೆ ಹೊಲಗಳಿಗೂ ಅದರಲ್ಲಿ ಪಾಲಿದೆ. ಆದರೆ ಹಳೇ ಕಾರಿನ ರಬ್ಬರ್ ಪೈಪುಗಳಿಗೆ ಅದು ಒಗ್ಗದು. ಕಾರಿನೊಳಗೆ ಪೆಟ್ರೋಲ್ ವಾಸನೆ ಬಂದರೆ ಅವತ್ತೇ ತೋರಿಸಿ, ಮೈಲೇಜಿಗಿಂತ ಬೆಂಕಿಯ ಭಯ ದೊಡ್ಡದು.

ಅಂಬಾಸಿಡರ್ ತಯಾರಿಕೆ 2014ರ ಮೇ ತಿಂಗಳಲ್ಲಿ ನಿಂತಿತು. ಗೆಳೆಯನ ಕಾರು ಗುಜರಿಗೆ ಹೋಗಲಿಲ್ಲ. ಒಂದು ಓಡಾಟಕ್ಕೆ ನಾಲ್ಕು ಲೀಟರ್ ಉಳಿಯುತ್ತಿದೆ, ವಾರಕ್ಕೆ ಎಂಟು. ಡ್ಯಾಶ್‌ಬೋರ್ಡಿನಲ್ಲಿ ಈಗ ಒಂದು ಚಿಕ್ಕ ನೋಟ್‌ಬುಕ್ ಇದೆ, ಅವನ ತಂದೆ ಪೆನ್ನು ಕಟ್ಟಿ ಇಟ್ಟಿದ್ದಾರೆ. ಕೊನೆಯ ಸಾಲು ಹೀಗಿದೆ: ಶುಕ್ರವಾರ, 118 ಕಿ.ಮೀ., 8.8 ಲೀಟರ್, ಮುಳ್ಳು ನಡುವಿಗಿದೆ.